ಪಾಸ್‌ವರ್ಡ್ ಖಜಾಂಚಿಯದಲ್ಲ, ಸಂಘದ್ದು

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಓದಿದ ಭಾಷಣದ ಪೂರ್ಣ ಪಾಠ)



ಇವತ್ತಿನ ವಿಷಯದ ಹೆಸರು ಕೇಳಿದ ಕೂಡಲೇ ನಿಮ್ಮಲ್ಲಿ ಕೆಲವರ ಕೈ ರೇಡಿಯೋ ಗುಂಡಿಯ ಕಡೆಗೆ ಹೋಗಬಹುದು. ಸಣ್ಣಪುಟ್ಟ ಕಚೇರಿಗಳ ಕಂಪ್ಯೂಟರಿನಲ್ಲಿರುವ ಡೇಟಾಬೇಸು, ಅದಕ್ಕೆ ಹಾಕಿದ ಪಾಸ್‌ವರ್ಡು, ಅದು ತೆರೆಯದೆ ಹೋದಾಗ ಆಗುವ ಪಜೀತಿ. ಇದು ಕಂಪ್ಯೂಟರ್ ಕಲಿತವರ ತಲೆನೋವು, ನಮಗೇನು ಎನ್ನಬೇಡಿ. ಕಳವಾದಲ್ಲೋ, ಡೊಂಬಿವಲಿಯಲ್ಲೋ, ಕಲ್ಯಾಣದಲ್ಲೋ ನೀವು ಒಂದು ಸೊಸೈಟಿ ಕಟ್ಟಡದಲ್ಲಿ ಮನೆ ಮಾಡಿದ್ದರೆ ಇದು ನಿಮ್ಮದೇ ವಿಷಯ. ನಿಮ್ಮ ಹೆಸರು, ಫ್ಲ್ಯಾಟ್ ನಂಬರು, ಷೇರು ಪತ್ರದ ನಂಬರು, ನೀವು ಬರೆಸಿದ ನಾಮಿನಿಯ ಹೆಸರು, ನೀವು ಕಟ್ಟಿದ ಮತ್ತು ಕಟ್ಟಬೇಕಾದ ಮೆಯಿಂಟೆನೆನ್ಸು, ಇವೆಲ್ಲ ಯಾವುದೋ ಒಂದು ಕಂಪ್ಯೂಟರಿನ ಹೊಟ್ಟೆಯಲ್ಲಿವೆ. ಅದರ ಬಾಯಿಗೆ ಒಂದು ಬೀಗ ಇದೆ. ಆ ಬೀಗದ ಕೈ ಯಾರ ಹತ್ತಿರ ಇದೆ ಎಂದು ಎಂದಾದರೂ ಕೇಳಿದ್ದೀರಾ?

ಕೇಳಿ ನೋಡಿ. ಹತ್ತರಲ್ಲಿ ಎಂಟು ಕಡೆ ಬರುವ ಉತ್ತರ ಒಂದೇ ಆಗಿರುತ್ತದೆ: "ಅದು ನಮ್ಮ ಸೆಕ್ರೆಟರಿಗೆ ಗೊತ್ತು." ಅಥವಾ "ಖಜಾಂಚಿಗೆ ಗೊತ್ತು." ಅಂದರೆ ಒಬ್ಬರಿಗೆ. ಆ ಒಬ್ಬರು ನಿವೃತ್ತರಾಗಿ ಊರಿಗೆ ಹೋದರೆ? ಸಮಿತಿಯ ಮೇಲೆ ಮುನಿಸಿಕೊಂಡು ಮಾತು ಬಿಟ್ಟರೆ? ಹೇಳಬಾರದು, ಆದರೂ ಹೇಳುತ್ತೇನೆ, ಒಂದು ರಾತ್ರಿ ಮಲಗಿದವರು ಬೆಳಿಗ್ಗೆ ಏಳದಿದ್ದರೆ?

ಮೊದಲು ಈ ಡೇಟಾಬೇಸು ನಮ್ಮ ಕಟ್ಟಡಗಳಿಗೆ ಹೇಗೆ ಬಂತು ಎಂಬುದನ್ನು ನೋಡೋಣ. 1990ರ ದಶಕದಲ್ಲಿ ಠಾಣೆಯಿಂದ ಕಲ್ಯಾಣದವರೆಗೆ ಸ್ಟೇಷನ್ನಿಗೆ ಒಂದರಂತೆ ಕಂಪ್ಯೂಟರ್ ಕ್ಲಾಸುಗಳು ಹುಟ್ಟಿಕೊಂಡವು. ಅಲ್ಲಿ ಕಲಿಸುತ್ತಿದ್ದುದು ಡಿಬೇಸ್ ಮತ್ತು ಫಾಕ್ಸ್‌ಪ್ರೋ. ಮುಂದೆ ಮೈಕ್ರೋಸಾಫ್ಟ್ ಆಕ್ಸೆಸ್ ಬಂತು. ಅದರ ಮೊದಲ ಆವೃತ್ತಿ ಹೊರಬಂದದ್ದು 1992ರ ನವೆಂಬರಿನಲ್ಲಿ. ಆಫೀಸ್ ತಂತ್ರಾಂಶದ ಪ್ರೊಫೆಷನಲ್ ಆವೃತ್ತಿ ಹಾಕಿಸಿದವರಿಗೆ ಆಕ್ಸೆಸ್ ಜೊತೆಯಲ್ಲೇ ಸಿಗುತ್ತಿತ್ತು. ಸೊಸೈಟಿಯ ಬಿಲ್ಲು, ಹೋಟೆಲಿನ ಕೆಲಸಗಾರರ ಪಗಾರ, ಚೀಟಿ ಫಂಡಿನ ಲೆಕ್ಕ, ಕನ್ನಡ ಸಂಘದ ಸದಸ್ಯರ ವಿಳಾಸ, ಎಲ್ಲವೂ ನಿಧಾನವಾಗಿ ಕೆಂಪು ಬಟ್ಟೆಯ ರಿಜಿಸ್ಟರಿನಿಂದ ಅದರೊಳಗೆ ಸೇರಿದವು. ಬರೆದುಕೊಟ್ಟವನು ಸಾಮಾನ್ಯವಾಗಿ ಕಟ್ಟಡದಲ್ಲೇ ಇದ್ದ ಒಬ್ಬ ಕಾಲೇಜು ಹುಡುಗ. ಅವನಿಗೆ ಕೆಲಸ ಸಿಕ್ಕಿತು, ಪುಣೆಗೋ ಬೆಂಗಳೂರಿಗೋ ದುಬೈಗೋ ಹೋದ. ಅವನು ಬರೆದ ಫೈಲು ಇಲ್ಲೇ ಉಳಿಯಿತು. ಇಂದಿಗೂ ಅದೇ ಫೈಲಿನಲ್ಲಿ ಬಿಲ್ಲು ತೆಗೆಯುವ ಕಟ್ಟಡಗಳು ಉಂಟು.

ಈ ಫೈಲುಗಳಿಗೆ ಹಾಕುವ ಬೀಗ ಒಂದೇ ತರಹದ್ದಲ್ಲ. ನೋಡಲು ಎಲ್ಲವೂ ಒಂದೇ. ಪರದೆಯ ನಡುವೆ ಒಂದು ಚೌಕ, ಅದರಲ್ಲಿ ನಕ್ಷತ್ರದ ಚುಕ್ಕೆಗಳು. ಒಳಗಿನ ಕತೆ ಮಾತ್ರ ಬೇರೆ ಬೇರೆ. ನಿಮ್ಮ ಫೈಲಿಗೆ ಇರುವುದು ಯಾವ ಬೀಗ ಎಂದು ಗೊತ್ತಾದರೆ ಅರ್ಧ ತೊಂದರೆ ಕಳೆದಂತೆ.

ಮೊದಲನೆಯದು ಮನೆಯಲ್ಲೇ ಮಾಡಿದ ಬೀಗ. ಆ ಕಾಲೇಜು ಹುಡುಗ ಒಂದು ಚಂದದ ಪರದೆ ಮಾಡಿರುತ್ತಾನೆ. "ಹೆಸರು ಬರೆಯಿರಿ, ಪಾಸ್‌ವರ್ಡ್ ಬರೆಯಿರಿ" ಎಂದು ಅದು ಕೇಳುತ್ತದೆ. ನೀವು ಬರೆದದ್ದನ್ನು ಅದೇ ಫೈಲಿನೊಳಗಿನ ಒಂದು ಪಟ್ಟಿಯ ಜೊತೆ ಹೋಲಿಸಿ ನೋಡುತ್ತದೆ. ಆಕ್ಸೆಸ್ ಫೈಲನ್ನು ಷಿಫ್ಟ್ ಕೀ ಒತ್ತಿ ಹಿಡಿದು ತೆರೆದರೆ, ಆ ದಾರಿಯನ್ನು ಬೇಕೆಂದೇ ಮುಚ್ಚಿರದಿದ್ದರೆ, ಈ ಪರದೆ ಬರುವುದೇ ಇಲ್ಲ. ನೇರವಾಗಿ ಒಳಮನೆಗೆ ಹೋಗಬಹುದು. ಅಲ್ಲಿ ಎಲ್ಲರ ಪಾಸ್‌ವರ್ಡುಗಳ ಪಟ್ಟಿಯೂ ಬಿಚ್ಚಿಟ್ಟ ಪುಸ್ತಕದಂತೆ ಕಾಣುತ್ತದೆ. ಫಾಕ್ಸ್‌ಪ್ರೋ ಕಾಲದ ಕತೆಯೂ ಹೀಗೇ. ಮುಂದಿನ ಪ್ರೋಗ್ರಾಮು ಪಾಸ್‌ವರ್ಡ್ ಕೇಳುತ್ತದೆ. ಹಿಂದೆ ಇರುವ ಡಿಬಿಎಫ್ ಫೈಲನ್ನು ಬೇರೆ ಪ್ರೋಗ್ರಾಮಿನಲ್ಲಿ ಯಾರು ಬೇಕಾದರೂ ತೆರೆಯಬಹುದು. ಮುಂಬಾಗಿಲಿಗೆ ಗೋದ್ರೆಜ್ ಬೀಗ, ಹಿತ್ತಿಲ ಬಾಗಿಲಿಗೆ ಚಿಲಕವೂ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ. ನಿಮ್ಮ ಬ್ಯಾಂಕಿನ ಪಾಸ್‌ವರ್ಡನ್ನೇ ಸೊಸೈಟಿಯ ಕಂಪ್ಯೂಟರಿಗೂ ಇಟ್ಟಿದ್ದರೆ ಇವತ್ತೇ ಬದಲಾಯಿಸಿ. ಅದು ಎಷ್ಟು ಜನರ ಕಣ್ಣಿಗೆ ಬಿದ್ದಿದೆಯೋ ಹೇಳಲಾಗುವುದಿಲ್ಲ.

ಎರಡನೆಯದು ಆಕ್ಸೆಸ್ ತಾನೇ ಕೊಡುವ ಬೀಗ, ಇಡೀ ಫೈಲಿಗೆ ಒಂದು ಪಾಸ್‌ವರ್ಡ್. ಹಳೆಯ ಎಂಡಿಬಿ ಫೈಲುಗಳಲ್ಲಿ, ಅಂದರೆ ಆಕ್ಸೆಸ್ 2003ರವರೆಗಿನ ಫೈಲುಗಳಲ್ಲಿ, ಈ ಪಾಸ್‌ವರ್ಡು ಫೈಲಿನ ತಲೆಭಾಗದಲ್ಲೇ ಬರೆದಿರುತ್ತದೆ. ಸ್ವಲ್ಪ ಮುಸುಕು ಹಾಕಿರುತ್ತದೆ, ಅಷ್ಟೇ. ಆಕ್ಸೆಸ್ 97ರಲ್ಲಂತೂ ಆ ಮುಸುಕು ಎಲ್ಲ ಫೈಲುಗಳಿಗೂ ಒಂದೇ. ಒಂದು ಫೈಲಿನ ಮುಸುಕು ತೆಗೆಯಲು ಬಂದವನಿಗೆ ಎಲ್ಲ ಫೈಲುಗಳೂ ತೆರೆದಂತೆ. ಒಳಗಿನ ಮಾಹಿತಿಯನ್ನು ಈ ಪಾಸ್‌ವರ್ಡ್ ಗೂಢಲಿಪಿಗೆ ತಿರುಗಿಸುವುದೂ ಇಲ್ಲ. ಬೀಗ ಹಾಕಿ, ಬೀಗದ ಕೈಯನ್ನು ಬಾಗಿಲ ಚೌಕಟ್ಟಿನ ಮೇಲೆ ಇಟ್ಟು ಹೋದ ಹಾಗೆ.

ಮೂರನೆಯದು ಬಳಕೆದಾರರಿಗೆ ಒಬ್ಬೊಬ್ಬರಿಗೆ ಒಂದೊಂದು ಹೆಸರು, ಒಂದೊಂದು ಪಾಸ್‌ವರ್ಡ್ ಕೊಡುವ ಪದ್ಧತಿ. ಇದು ಎಂಡಿಬಿ ಫೈಲುಗಳಿಗೆ ಮಾತ್ರ ಇದೆ. ನಮ್ಮ ಬಹುಪಾಲು ಗೋಳು ಇಲ್ಲಿಯೇ ಹುಟ್ಟುವುದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಈ ಪದ್ಧತಿಯಲ್ಲಿ ಹೆಸರು ಮತ್ತು ಪಾಸ್‌ವರ್ಡುಗಳು ನಿಮ್ಮ ಲೆಕ್ಕದ ಫೈಲಿನಲ್ಲಿ ಇರುವುದಿಲ್ಲ. ಅವು ಎಂಡಿಡಬ್ಲ್ಯು ಎಂಬ ಬೇರೊಂದು ಫೈಲಿನಲ್ಲಿ ಇರುತ್ತವೆ. ಒಂದು ಉಗ್ರಾಣ, ಇನ್ನೊಂದು ಕಾವಲುಗಾರನ ಪುಸ್ತಕ ಎಂದಿಟ್ಟುಕೊಳ್ಳಿ. ಯಾರು ಒಳಗೆ ಹೋಗಬಹುದು ಎಂಬ ಹೆಸರುಗಳು ಇರುವುದು ಕಾವಲುಗಾರನ ಪುಸ್ತಕದಲ್ಲಿ.

ಈಗ ಏನಾಗುತ್ತದೆ ನೋಡಿ. ಕಂಪ್ಯೂಟರು ಹಳೆಯದಾಯಿತು, ಹೊಸದು ತಂದರು. ಜಾಣತನದಿಂದ ಲೆಕ್ಕದ ಫೈಲನ್ನು ನಕಲು ಮಾಡಿಕೊಂಡರು. ಎಂಡಿಡಬ್ಲ್ಯು ಫೈಲು ಎಂಬುದೊಂದು ಇದೆ ಎಂದೇ ಯಾರಿಗೂ ಗೊತ್ತಿಲ್ಲ. ಹಳೆಯ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿ ಭಂಗಾರದವನಿಗೆ ಕೊಟ್ಟರು. ಉಗ್ರಾಣ ಬಂತು, ಕಾವಲುಗಾರನ ಪುಸ್ತಕ ಭಂಗಾರಕ್ಕೆ ಹೋಯಿತು. ಮರುದಿನ ಸೆಕ್ರೆಟರಿ ಹೆಸರು ಬರೆಯುತ್ತಾರೆ, ಪಾಸ್‌ವರ್ಡ್ ಬರೆಯುತ್ತಾರೆ. ಎರಡೂ ಸರಿಯಾಗಿವೆ. ಆದರೂ ಕಂಪ್ಯೂಟರು ಈ ಹೆಸರಾಗಲಿ ಪಾಸ್‌ವರ್ಡಾಗಲಿ ಸರಿಯಲ್ಲ ಎನ್ನುತ್ತದೆ. ಪಾಪ, ಅವರು ತಮ್ಮ ನೆನಪಿನ ಮೇಲೆಯೇ ಅನುಮಾನ ಪಡುತ್ತಾರೆ. ಸಮಿತಿಯವರು ಅವರ ಮೇಲೆ ಅನುಮಾನ ಪಡುತ್ತಾರೆ. ಮೂವತ್ತು ವರ್ಷ ಒಂದೇ ಮೆಟ್ಟಿಲು ಹತ್ತಿಳಿದವರ ನಡುವೆ ಮಾತು ನಿಲ್ಲುತ್ತದೆ. ಕಾರಣ ಕೇಳಿದರೆ ಒಂದು ಸಣ್ಣ ಫೈಲು.

ಆ ಎಂಡಿಡಬ್ಲ್ಯು ಫೈಲನ್ನು ಮತ್ತೆ ಕಟ್ಟಬಹುದೇ? ಕಟ್ಟಬಹುದು. ಮೊದಲ ಸಲ ಮಾಡಿದಾಗ ಕೊಟ್ಟಿದ್ದ ಹೆಸರು, ಸಂಸ್ಥೆಯ ಹೆಸರು, ಗುರುತಿನ ಸಂಕೇತ, ಆಮೇಲೆ ಪ್ರತಿ ಬಳಕೆದಾರನ ಹೆಸರು ಮತ್ತು ಅವನ ಗುರುತಿನ ಸಂಕೇತ, ಇವೆಲ್ಲವನ್ನೂ ದೊಡ್ಡಕ್ಷರ ಚಿಕ್ಕಕ್ಷರ ಒಂದೂ ತಪ್ಪದೆ ಮತ್ತೆ ಕೊಡಬೇಕು. ಇವನ್ನು ಒಂದು ಹಾಳೆಯಲ್ಲಿ ಬರೆದಿಟ್ಟವರು ಅರ್ಧ ಗಂಟೆಯಲ್ಲಿ ಗೆದ್ದರು. ಬರೆದಿಡದವರಿಗೆ ಹಣ ಕೊಟ್ಟು ತಜ್ಞರನ್ನು ಕರೆಸುವುದೇ ದಾರಿ.

ಇದರ ತದ್ವಿರುದ್ಧದ ಫಜೀತಿಯೂ ಒಂದಿದೆ. ಯಾರೋ ಉತ್ಸಾಹದಲ್ಲಿ ಅಡ್ಮಿನ್ ಎಂಬ ಹೆಸರಿಗೆ ಪಾಸ್‌ವರ್ಡ್ ಇಡುತ್ತಾರೆ. ಅವರು ಬೀಗ ಹಾಕಲು ಹೊರಟದ್ದು ಒಂದು ಫೈಲಿಗೆ. ಅಂದಿನಿಂದ ಆ ಕಂಪ್ಯೂಟರಿನ ಪ್ರತಿಯೊಂದು ಎಂಡಿಬಿ ಫೈಲೂ ಪಾಸ್‌ವರ್ಡ್ ಕೇಳಲು ಶುರುಮಾಡುತ್ತದೆ. ಅದೇ ಫೈಲನ್ನು ಪೆನ್‌ಡ್ರೈವಿನಲ್ಲಿ ಪಕ್ಕದ ಮನೆಗೆ ಒಯ್ದರೆ ಯಾವ ಪ್ರಶ್ನೆಯೂ ಇಲ್ಲದೆ ತೆರೆಯುತ್ತದೆ. ಏಕೆಂದರೆ ಬೀಗ ಬಿದ್ದದ್ದು ಆ ಕಂಪ್ಯೂಟರಿನ ಕಾವಲುಗಾರನ ಪುಸ್ತಕಕ್ಕೆ, ಉಗ್ರಾಣಕ್ಕಲ್ಲ. ಮನೆಯವರೆಲ್ಲ ಹೊರಗೆ, ಕಳ್ಳನಿಗೆ ಮಾತ್ರ ಪ್ರವೇಶ. ನಮ್ಮ ಕಳವಾದ ಹೆಸರಿನಲ್ಲೇ ಕಳವು ಇದೆ ಎಂದು ಊರಿಂದ ಬಂದ ನೆಂಟರು ನಗುತ್ತಾರಲ್ಲ, ಇಂಥ ಬೀಗ ಹಾಕಿದವರನ್ನು ಕಂಡರೆ ಅವರ ನಗುವಿಗೆ ಕಾರಣ ಸಿಕ್ಕೀತು.

ನಾಲ್ಕನೆಯದು ನಿಜವಾದ ಬೀಗ. ಆಕ್ಸೆಸ್ 2007ರಿಂದ ಎಸಿಸಿಡಿಬಿ ಎಂಬ ಹೊಸ ಮಾದರಿಯ ಫೈಲು ಬಂತು. ಇದಕ್ಕೆ ಪಾಸ್‌ವರ್ಡ್ ಹಾಕಿದರೆ ಇಡೀ ಫೈಲು ಗೂಢಲಿಪಿಗೆ ತಿರುಗುತ್ತದೆ; 2010ರ ಆವೃತ್ತಿಯಿಂದ ಅದು ಇನ್ನಷ್ಟು ಗಟ್ಟಿಯಾಗಿದೆ. ಬೆಂಗಳೂರಿನಲ್ಲಿ ಬೆಳೆದು ದೇಶದ ಅಂಗಡಿ ಅಂಗಡಿಗೂ ಹೋದ ಟ್ಯಾಲಿ ಲೆಕ್ಕದ ತಂತ್ರಾಂಶದಲ್ಲೂ ಟ್ಯಾಲಿವಾಲ್ಟ್ ಎಂಬ ಇಂಥದೇ ವ್ಯವಸ್ಥೆ ಇದೆ. ಅದನ್ನು ಹಾಕಿದರೆ ಕಂಪನಿಯ ಹೆಸರು ಕೂಡ ನಕ್ಷತ್ರಗಳಾಗಿ ಕಾಣುತ್ತದೆ. ಇಂಥ ಬೀಗಗಳಿಗೆ ಬೀಗದ ಕೈ ಚೌಕಟ್ಟಿನ ಮೇಲೆ ಇರುವುದಿಲ್ಲ. ಪಾಸ್‌ವರ್ಡ್ ಮರೆತರೆ ಕಂಪನಿಯವರಿಗೆ ಫೋನ್ ಮಾಡಿದರೂ ಅದನ್ನು ಹುಡುಕಿ ಕೊಡಲು ಬರುವುದಿಲ್ಲ. ಒಂದೊಂದಾಗಿ ಊಹಿಸಿ ನೋಡುವುದೊಂದೇ ಉಳಿಯುವ ದಾರಿ.

ಇಲ್ಲಿಗೆ ಒಂದು ಮಾತು ಸ್ಪಷ್ಟವಾಯಿತು. ಹಳೆಯ ಬೀಗ ಕಳ್ಳನನ್ನು ತಡೆಯುವುದಿಲ್ಲ. ಹೊಸ ಬೀಗ ಕಳ್ಳನನ್ನು ತಡೆಯುತ್ತದೆ, ಜೊತೆಗೆ ಮರೆತ ಯಜಮಾನನನ್ನೂ ತಡೆಯುತ್ತದೆ. ಎರಡರಲ್ಲೂ ಸೊಸೈಟಿಯನ್ನು ಕಾಯುವುದು ಪಾಸ್‌ವರ್ಡ್ ಒಂದೇ ಅಲ್ಲ. ಅದನ್ನು ಯಾರು ಹೇಗೆ ಇಟ್ಟುಕೊಂಡಿದ್ದಾರೆ ಎಂಬುದು.

ಇದಕ್ಕೆ ದೂರದ ನಾರ್ವೆ ದೇಶದ ಒಂದು ನಿಜ ಪ್ರಸಂಗ ಹೇಳುತ್ತೇನೆ. ಅಲ್ಲಿ ಐವಾರ್ ಓಸೆನ್ ಎಂಬ ಹತ್ತೊಂಬತ್ತನೆಯ ಶತಮಾನದ ಭಾಷಾಪಂಡಿತ ಇದ್ದ. ಹಳ್ಳಿಗಳ ಆಡುಮಾತುಗಳನ್ನು ಸುತ್ತಿ ಸಂಗ್ರಹಿಸಿ, ಅವುಗಳಿಂದ ಇಂದು ನೈನೋರ್ಸ್ಕ್ ಎಂದು ಕರೆಯುವ ನಾರ್ವೇಜಿಯನ್ ಬರಹಭಾಷೆಗೆ ತಳಹದಿ ಹಾಕಿದವನು. ಅವನ ಹೆಸರಿನಲ್ಲಿ ಒಂದು ಭಾಷಾ ಸಂಸ್ಕೃತಿ ಕೇಂದ್ರವಿದೆ. ರೈದಾರ್ ಯೂಪೆದಾಲ್ ಎಂಬ ಪ್ರಾಧ್ಯಾಪಕರ ಸಾವಿರಾರು ಪುಸ್ತಕ ಕಾಗದಪತ್ರಗಳ ಸಂಗ್ರಹ ಆ ಕೇಂದ್ರಕ್ಕೆ ಬಂತು. ಅದರ ಪಟ್ಟಿ ಒಂದು ಸಣ್ಣ ಕಂಪ್ಯೂಟರ್ ಡೇಟಾಬೇಸಿನಲ್ಲಿ ಇತ್ತು. ಪಟ್ಟಿಗೆ ಪಾಸ್‌ವರ್ಡ್ ಇತ್ತು. ಅದನ್ನು ಬಲ್ಲವರು ತೀರಿಕೊಂಡಿದ್ದರು. ಪುಸ್ತಕಗಳು ಕಣ್ಣೆದುರಿಗೇ ಇವೆ, ಯಾವುದು ಎಲ್ಲಿದೆ ಎಂದು ಹೇಳುವ ಪಟ್ಟಿ ಮಾತ್ರ ತೆರೆಯುತ್ತಿಲ್ಲ.

2002ರಲ್ಲಿ ಕೇಂದ್ರದವರು ನಾಚಿಕೆ ಬಿಟ್ಟು ಲೋಕಕ್ಕೆಲ್ಲ ಹೇಳಿಕೊಂಡರು: ನಮ್ಮ ಬೀಗ ತೆರೆಯಲು ಬಲ್ಲವರು ಸಹಾಯ ಮಾಡಿ ಎಂದು. ಸಹಾಯ ಬೇಗನೆ ಬಂತು. ಪಾಸ್‌ವರ್ಡ್ ಏನಿತ್ತು ಗೊತ್ತೇ? ಆ ಪ್ರಾಧ್ಯಾಪಕರ ಮನೆತನದ ಹೆಸರನ್ನೇ ಹಿಂದುಮುಂದು ಮಾಡಿ ಬರೆದದ್ದು. ನಾವು 'ಕಳವಾ' ಎಂಬುದನ್ನು 'ವಾಳಕ' ಎಂದು ಬರೆದ ಹಾಗೆ.

ಈ ಪ್ರಸಂಗ ಕೇಳಿ ಜನ ನಗುತ್ತಾರೆ. ಆದರೆ ಅದು ಆದದ್ದು ಒಂದು ಭಾಷೆಯನ್ನು ಉಳಿಸಲೆಂದೇ ಕಟ್ಟಿದ ಸಂಸ್ಥೆಯಲ್ಲಿ, ಓದಿದವರ ನಡುವೆ. ಹೊರನಾಡಿನಲ್ಲಿ ಕನ್ನಡ ಸಂಘ ನಡೆಸುವವರಿಗೆ ಇದರ ನೋವು ಚೆನ್ನಾಗಿ ಅರ್ಥವಾಗಬೇಕು. ನಮ್ಮ ಸಂಘಗಳ ಆಜೀವ ಸದಸ್ಯರ ಪಟ್ಟಿ, ಗ್ರಂಥಾಲಯದ ಪಟ್ಟಿ, ವಿದ್ಯಾರ್ಥಿವೇತನ ಪಡೆದವರ ಪಟ್ಟಿ ಎಲ್ಲಿವೆ? ಎಷ್ಟು ಕಡೆ ಅವು ಒಬ್ಬರ ಮನೆಯ ಕಂಪ್ಯೂಟರಿನಲ್ಲಿ, ಒಬ್ಬರ ನೆನಪಿನಲ್ಲಿ ಇವೆ?

ಪಾಸ್‌ವರ್ಡಿನ ಚರಿತ್ರೆಯೂ ಇದನ್ನೇ ಹೇಳುತ್ತದೆ. ಕಂಪ್ಯೂಟರಿಗೆ ಪಾಸ್‌ವರ್ಡ್ ಬಳಕೆಗೆ ಬಂದದ್ದು 1960ರ ದಶಕದ ಆರಂಭದಲ್ಲಿ, ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ, ಫರ್ನಾಂಡೋ ಕೋರ್ಬಾಟೋ ಮತ್ತು ಅವರ ತಂಡದವರಿಂದ. ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಳ್ಳಬೇಕಿತ್ತು, ಒಬ್ಬೊಬ್ಬರಿಗೆ ಇಷ್ಟು ಗಂಟೆ ಎಂದು ಗೊತ್ತುಮಾಡಿದ್ದರು. 1962ರಲ್ಲಿ ಆಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ತನ್ನ ಪಾಲಿನ ಹೊತ್ತು ಸಾಲದಾಯಿತು. ಪಾಸ್‌ವರ್ಡುಗಳ ಫೈಲನ್ನು ಅಚ್ಚು ಮಾಡು ಎಂದು ಕಂಪ್ಯೂಟರಿಗೆ ಒಂದು ಕಾರ್ಡಿನಲ್ಲಿ ಬರೆದುಕೊಟ್ಟ. ಅದು ವಿಧೇಯವಾಗಿ ಅಚ್ಚು ಮಾಡಿ ಕೊಟ್ಟಿತು. ಪಾಸ್‌ವರ್ಡ್ ಹುಟ್ಟಿ ಹೆಚ್ಚು ದಿನವೂ ಆಗಿರಲಿಲ್ಲ. ಎಲ್ಲರ ಬೀಗದ ಕೈಗಳನ್ನೂ ಒಂದೇ ಮೊಳೆಗೆ ನೇತುಹಾಕಿದರೆ ಏನಾಗುತ್ತದೆ ಎಂಬುದು ಅಂದೇ ಗೊತ್ತಾಯಿತು. ನಮ್ಮ ಕಟ್ಟಡಗಳ ಫೈಲುಗಳಲ್ಲಿ ಇಂದಿಗೂ ಆ ಮೊಳೆ ಹಾಗೆಯೇ ಇದೆ.

ಇನ್ನು ಪ್ರತಿದಿನದ ಸಣ್ಣ ತೊಂದರೆಗಳು. ಫೈಲು ತೆರೆಯದಿದ್ದರೆ ಗಾಬರಿಯಾಗುವ ಮೊದಲು ಈ ನಾಲ್ಕು ವಿಷಯ ನೋಡಿಕೊಳ್ಳಿ.

ಒಂದು, ಕೀಲಿಮಣೆ. ಆಕ್ಸೆಸ್ ಪಾಸ್‌ವರ್ಡಿನಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಬೇರೆ ಬೇರೆ. ಕ್ಯಾಪ್ಸ್ ಲಾಕ್ ದೀಪ ಹತ್ತಿದೆಯೇ ನೋಡಿ. ನಮ್ಮವರಿಗೆ ಇನ್ನೊಂದು ಹೆಚ್ಚಿನ ತೊಡಕು ಇದೆ. ಸಂಘದ ಆಮಂತ್ರಣ ಪತ್ರಿಕೆ ಟೈಪ್ ಮಾಡಲು ನುಡಿಯನ್ನೋ ಬರಹವನ್ನೋ ಚಾಲೂ ಮಾಡಿ ಹಾಗೇ ಬಿಟ್ಟಿರುತ್ತೇವೆ. ಆಮೇಲೆ ಪಾಸ್‌ವರ್ಡ್ ಹೊಡೆದರೆ ಒಳಗೆ ಬೀಳುವುದು ಬೇರೆಯೇ ಅಕ್ಷರ. ಕಾಣುವುದು ಚುಕ್ಕೆ ಮಾತ್ರವಾದ್ದರಿಂದ ತಪ್ಪು ತಿಳಿಯುವುದಿಲ್ಲ. ಮೊದಲು ಖಾಲಿ ನೋಟ್‌ಪ್ಯಾಡಿನಲ್ಲಿ ಒಮ್ಮೆ ಟೈಪ್ ಮಾಡಿ ನೋಡಿ, ಅಳಿಸಿ.

ಎರಡು, ಇನ್ನೊಬ್ಬರು ಒಳಗಿದ್ದಾರೆಯೇ? ಆಕ್ಸೆಸ್ ಫೈಲು ತೆರೆದಾಗ ಅದರ ಪಕ್ಕದಲ್ಲೇ ಎಲ್‌ಡಿಬಿ ಎಂಬ ಸಣ್ಣ ಫೈಲು ಹುಟ್ಟುತ್ತದೆ. ಹೊಸ ಮಾದರಿಯಲ್ಲಿ ಅದರ ಹೆಸರು ಎಲ್‌ಎಸಿಸಿಡಿಬಿ. ಒಳಗೆ ಯಾರಿದ್ದಾರೆ ಎಂಬ ಹಾಜರಿ ಅದು. ಎಲ್ಲರೂ ಹೊರಬಂದಾಗ ಅದು ತಾನಾಗಿ ಅಳಿಯಬೇಕು. ಕರೆಂಟು ಹೋಗಿ ಕಂಪ್ಯೂಟರು ಅರ್ಧದಲ್ಲಿ ನಿಂತರೆ ಅಳಿಯದೆ ಉಳಿಯಬಹುದು. ಆಗ ಅಡ್ಮಿನ್ ಎಂಬವರು ಈ ಫೈಲನ್ನು ಹಿಡಿದಿಟ್ಟುಕೊಂಡಿದ್ದಾರೆ ಎಂಬ ಅರ್ಥದ ಸಂದೇಶ ಬರುತ್ತದೆ. ಈ ಅಡ್ಮಿನ್ ಯಾರು ಎಂದು ಹುಡುಕಬೇಡಿ. ಬೇರೆ ಹೆಸರು ಕೊಡದಿದ್ದರೆ ಆಕ್ಸೆಸ್‌ಗೆ ನಾವೆಲ್ಲರೂ ಅಡ್ಮಿನ್ನೇ. ಯಾರೂ ಒಳಗಿಲ್ಲ ಎಂದು ಖಚಿತಪಡಿಸಿಕೊಂಡು ಆ ಸಣ್ಣ ಫೈಲನ್ನು ತೆಗೆದರೆ ಸಾಕು.

ಮೂರು, ಪಾಸ್‌ವರ್ಡ್ ಇಡದೇ ಇದ್ದ ಹಳೆಯ ಫೈಲು ಒಂದು ದಿನ ಇದ್ದಕ್ಕಿದ್ದಂತೆ ಪಾಸ್‌ವರ್ಡ್ ಕೇಳಿದರೆ, ಯಾರೋ ಹಗೆಯಿಂದ ಹಾಕಿದ್ದಾರೆ ಎಂದು ಜಗಳಕ್ಕೆ ಇಳಿಯಬೇಡಿ. ಪಾಸ್‌ವರ್ಡ್ ಇರುವ ಜಾಗ ಫೈಲಿನ ತಲೆಭಾಗ ಎಂದೆನಲ್ಲ. ಫೈಲು ಕೆಟ್ಟು ಆ ಭಾಗಕ್ಕೆ ಕಸ ಬಿದ್ದರೆ, ಆ ಕಸವನ್ನೇ ಪಾಸ್‌ವರ್ಡ್ ಎಂದು ತಿಳಿದು ಆಕ್ಸೆಸ್ ಕೇಳಬಹುದು. ಮೊದಲು ಫೈಲಿನ ಒಂದು ನಕಲು ಮಾಡಿ. ರಿಪೇರಿಯ ಪ್ರಯತ್ನವೆಲ್ಲ ಆ ನಕಲಿನ ಮೇಲೆ ನಡೆಯಲಿ.

ನಾಲ್ಕು, ಹೊಸ ತಂತ್ರಾಂಶ ಹಳೆಯ ಫೈಲನ್ನು ಗುರುತಿಸದಿರುವುದು. ಆಕ್ಸೆಸ್ 2013ರಿಂದ ಮುಂದಿನ ಆವೃತ್ತಿಗಳು ಆಕ್ಸೆಸ್ 97ರ ಫೈಲನ್ನು ತೆರೆಯುವುದಿಲ್ಲ. ಅದು ಪಾಸ್‌ವರ್ಡಿನ ತೊಂದರೆಯಲ್ಲ. 2003, 2007 ಅಥವಾ 2010ರ ಆವೃತ್ತಿ ಇರುವ ಕಂಪ್ಯೂಟರನ್ನು ಹುಡುಕಿ, ಅಲ್ಲಿ ತೆರೆದು ಹೊಸ ಮಾದರಿಗೆ ಬದಲಿಸಿಕೊಳ್ಳಬೇಕು. ಫಾಕ್ಸ್‌ಪ್ರೋ ಬಳಸುವವರು ಇನ್ನೂ ಇದ್ದರೆ ಅವರಿಗೂ ಒಂದು ಮಾತು: ಅದರ ಕೊನೆಯ ಆವೃತ್ತಿಗೆ ಮೈಕ್ರೋಸಾಫ್ಟಿನ ಬೆಂಬಲ 2015ರ ಜನವರಿಯಲ್ಲೇ ಮುಗಿದಿದೆ.

ಇಷ್ಟಾದರೂ ತೆರೆಯದಿದ್ದರೆ ಬೀಗ ಒಡೆಯುವ ತಂತ್ರಾಂಶಗಳು ಇವೆ, ಅದು ಗುಟ್ಟಲ್ಲ. ಆದರೆ ಯಾರದೋ ಮಾತು ಕೇಳಿ ಯಾರೋ ಒಬ್ಬರು ಆ ಕೆಲಸಕ್ಕೆ ಇಳಿಯಬಾರದು. ಅನುಮತಿಯಿಲ್ಲದೆ ಇನ್ನೊಬ್ಬರ ಕಂಪ್ಯೂಟರಿನ ಮಾಹಿತಿಗೆ ಕೈಹಾಕುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ತಪ್ಪು. ಸಮಿತಿ ಸಭೆ ಸೇರಲಿ, ಠರಾವು ಬರೆಯಲಿ, ಇಂಥವರಿಂದ ಇಂಥ ಫೈಲು ತೆರೆಸುತ್ತೇವೆ ಎಂದು ದಾಖಲಿಸಲಿ. ಇಬ್ಬರು ಸದಸ್ಯರ ಎದುರಿಗೆ ಕೆಲಸ ನಡೆಯಲಿ. ಇಡೀ ಕಂಪ್ಯೂಟರನ್ನು ಗುರುತಿಲ್ಲದ ಅಂಗಡಿಯಲ್ಲಿ ಎರಡು ದಿನ ಬಿಟ್ಟುಬರಬೇಡಿ. ಅದರಲ್ಲಿ ಎಲ್ಲರ ಫೋನ್ ನಂಬರು ಇದೆ, ಪ್ಯಾನ್ ನಂಬರು ಇದೆ, ಯಾರ ಮನೆಗೆ ಬೀಗ, ಯಾರ ಮನೆ ಬಾಡಿಗೆಗೆ ಎಂಬುದೂ ಇದೆ. ಜನರ ಖಾಸಗಿ ವಿವರಗಳ ರಕ್ಷಣೆಗೆಂದೇ ನಮ್ಮ ಸಂಸತ್ತು 2023ರಲ್ಲಿ ಒಂದು ಪ್ರತ್ಯೇಕ ಕಾಯ್ದೆ ಮಾಡಿದೆ.

ಹಾಗಾದರೆ ಏನು ಮಾಡಬೇಕು? ಇದಕ್ಕೆ ಕಂಪ್ಯೂಟರ್ ಪದವಿ ಬೇಡ. ಕನ್ನಡ ಬಿ.ಎ. ಓದಿದ ನನ್ನಂಥವರಿಗೂ ಅರ್ಥವಾಗುವ ಕೆಲಸ.

ಮೊದಲು, ಪಾಸ್‌ವರ್ಡ್ ಸಂಘದ ಆಸ್ತಿ ಎಂದು ಒಪ್ಪಿಕೊಳ್ಳಿ. ಚೆಕ್ ಪುಸ್ತಕ, ಮೊಹರು, ಪಾಸ್‌ಬುಕ್ ಇವುಗಳ ಸಾಲಿನಲ್ಲಿ ಅದಕ್ಕೂ ಜಾಗ ಇರಲಿ. ಚೆಕ್ಕಿಗೆ ಇಬ್ಬರ ಸಹಿ ಬೇಕು ಎನ್ನುತ್ತೇವೆ. ಪಾಸ್‌ವರ್ಡು ಮಾತ್ರ ಒಬ್ಬರ ತಲೆಯಲ್ಲಿ ಇದ್ದರೆ ಸಾಕು ಎನ್ನುವುದು ಯಾವ ನ್ಯಾಯ?

ಎರಡನೆಯದು, ಒಂದು ಲಕೋಟೆ. ಒಂದು ಹಾಳೆಯಲ್ಲಿ ಫೈಲಿನ ಹೆಸರು, ಅದು ಕಂಪ್ಯೂಟರಿನಲ್ಲಿ ಎಲ್ಲಿದೆ, ಯಾವ ತಂತ್ರಾಂಶದ ಯಾವ ಆವೃತ್ತಿ, ಯಾವ ತರಹದ ಬೀಗ, ಬಳಕೆದಾರರ ಹೆಸರು, ಪಾಸ್‌ವರ್ಡ್, ಎಂಡಿಡಬ್ಲ್ಯು ಫೈಲು ಇದ್ದರೆ ಅದರ ಸಂಕೇತಗಳು, ಇವನ್ನು ಸ್ಪಷ್ಟವಾಗಿ ಬರೆಯಿರಿ. ಲಕೋಟೆಗೆ ಹಾಕಿ ಅಂಟಿಸಿ. ಅಂಟಿನ ಮೇಲೆ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಮೂವರೂ ತಾರೀಕು ಸಮೇತ ಸಹಿ ಮಾಡಲಿ. ಅದು ಸೊಸೈಟಿಯ ಕಪಾಟಿನಲ್ಲೋ ಬ್ಯಾಂಕ್ ಲಾಕರಿನಲ್ಲೋ ಇರಲಿ. ಯಾರಾದರೂ ತೆರೆದರೆ ಗೊತ್ತಾಗುತ್ತದೆ, ಬೇಕಾದಾಗ ಸಿಗುತ್ತದೆ. ಕಂಪ್ಯೂಟರಿನ ಪರದೆಗೆ ಹಳದಿ ಚೀಟಿ ಅಂಟಿಸುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ ಇದೆ.

ಪಾಸ್‌ವರ್ಡ್ ಹೇಗಿರಬೇಕು? ಅಂಕಿ, ಚಿಹ್ನೆ ಬೆರೆಸಬೇಕು, ಆಗಾಗ ಬದಲಿಸಬೇಕು ಎಂದು ಹಿಂದೆ ಹೇಳುತ್ತಿದ್ದರು. ಆ ಸಲಹೆಗೆ ದೊಡ್ಡ ಪ್ರಚಾರ ಸಿಕ್ಕಿದ್ದು ಅಮೆರಿಕದ ಮಾನಕ ಸಂಸ್ಥೆ ಹಿಂದೆ ಹೊರಡಿಸಿದ ದಾಖಲೆಯಿಂದ. ಅದೇ ಸಂಸ್ಥೆ 2017ರಲ್ಲಿ ತನ್ನ ಮಾತನ್ನು ತಿದ್ದಿಕೊಂಡಿತು. ಕಾರಣವಿಲ್ಲದೆ ಪದೇ ಪದೇ ಬದಲಿಸುವಂತೆ ಜನರನ್ನು ಕಾಡಬೇಡಿ, ಉದ್ದವಾದ ಪಾಸ್‌ವರ್ಡಿಗೆ ಅವಕಾಶ ಕೊಡಿ ಎಂದಿತು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಮಾತು ಸೇರಿಸಿ, ಹಲಸು, ಗಡಿಯಾರ, ನೆಂಟ, ಮೆಟ್ಟಿಲು ಎಂಬ ಹಾಗೆ. ಈಗ ರೇಡಿಯೋದಲ್ಲಿ ಹೇಳಿದ್ದರಿಂದ ಇದನ್ನೇ ಇಡಬೇಡಿ. ಒಂದು ಸೂಕ್ಷ್ಮ ನೆನಪಿರಲಿ. ಕನ್ನಡ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಒಬ್ಬೊಬ್ಬರದು ಒಂದೊಂದು ಕಾಗುಣಿತ. ಹಲಸು ಎಂಬುದನ್ನೇ ಮೂರು ರೀತಿ ಬರೆಯಬಹುದು. ಆದ್ದರಿಂದ ಲಕೋಟೆಯ ಹಾಳೆಯಲ್ಲಿ ಕೀಲಿಮಣೆಯಲ್ಲಿ ಒತ್ತಬೇಕಾದ ಅಕ್ಷರಗಳನ್ನೇ ಬರೆಯಿರಿ.

ಮೂರನೆಯದು, ನಕಲು. 2005ರ ಜುಲೈ 26ನ್ನು ಈ ಭಾಗದಲ್ಲಿ ಮರೆತವರಿಲ್ಲ. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ಮುಂಬಯಿ, ಠಾಣೆ ಜಿಲ್ಲೆಗಳ ನೆಲಮಹಡಿಗಳಿಗೆ ನುಗ್ಗಿದ ನೀರು ಯಾರ ಪಾಸ್‌ವರ್ಡನ್ನೂ ಕೇಳಲಿಲ್ಲ. ಸೊಸೈಟಿ ಕಚೇರಿ ಇರುವುದು ಸಾಮಾನ್ಯವಾಗಿ ನೆಲಮಹಡಿಯಲ್ಲೇ. ತಿಂಗಳಿಗೊಮ್ಮೆ ಫೈಲಿನ ನಕಲು ತೆಗೆದು ಮೇಲಿನ ಮಹಡಿಯ ಒಬ್ಬರಲ್ಲಿ, ಸಾಧ್ಯವಾದರೆ ಇನ್ನೊಂದು ಕಟ್ಟಡದ ಒಬ್ಬರಲ್ಲಿ ಇಡಿ. ಎಂಡಿಡಬ್ಲ್ಯು ಫೈಲು ಇದ್ದರೆ ಅದರ ನಕಲೂ ಜೊತೆಗಿರಲಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಪ್ರಯೋಜನವಿಲ್ಲ.

ನಾಲ್ಕನೆಯದು, ಕಾಗದವನ್ನು ಬಿಡಬೇಡಿ. ಮಹಾರಾಷ್ಟ್ರದ ಸಹಕಾರಿ ಸಂಘಗಳ ಕಾಯ್ದೆ 1960ರದ್ದು, ಅದರ ನಿಯಮಗಳು 1961ರವು. ಸದಸ್ಯರ ವಿವರಕ್ಕೆ ಐ ನಮೂನೆಯ ರಿಜಿಸ್ಟರು, ಸದಸ್ಯರ ಪಟ್ಟಿಗೆ ಜೆ ನಮೂನೆ ಎಂದು ಅವು ಹೇಳುತ್ತವೆ. ಮನೆ ಮಾರುವಾಗ, ವಾರಸುದಾರರ ಹೆಸರಿಗೆ ಮಾಡಿಸುವಾಗ, ಚುನಾವಣೆಯಲ್ಲಿ ಮತ ಹಾಕುವಾಗ ಜನ ಹುಡುಕುವುದು ಆ ಪಟ್ಟಿಯನ್ನೇ. ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು ನಾಮಿನಿ ಪತ್ರ ಹಿಡಿದು ಬಂದಾಗ "ಕಂಪ್ಯೂಟರು ತೆರೆಯುತ್ತಿಲ್ಲ, ಆಮೇಲೆ ಬನ್ನಿ" ಎಂದು ಹೇಳುವ ಸ್ಥಿತಿ ಯಾವ ಸೊಸೈಟಿಗೂ ಬರಬಾರದು. ವರ್ಷಕ್ಕೊಮ್ಮೆಯಾದರೂ ಪಟ್ಟಿ ಅಚ್ಚು ಹಾಕಿ, ಸಹಿ ಮಾಡಿ, ಫೈಲಿನಲ್ಲಿ ಸೇರಿಸಿ.

ಐದನೆಯದು, ಪರೀಕ್ಷೆ. ನಮ್ಮ ರಾಜ್ಯದಲ್ಲಿ ಸೊಸೈಟಿಯ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 30ರ ಒಳಗೆ ನಡೆಯಬೇಕು. ಅದಕ್ಕೆ ಒಂದು ವಾರ ಮೊದಲು ಲಕೋಟೆ ತೆರೆಯಿರಿ. ಪಾಸ್‌ವರ್ಡ್ ಗೊತ್ತಿಲ್ಲದ ಒಬ್ಬ ಸದಸ್ಯರನ್ನು ಕೂರಿಸಿ, ಹಾಳೆ ನೋಡಿಕೊಂಡು ನಕಲು ಫೈಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆಯಲು ಹೇಳಿ. ತೆರೆಯಿತೇ, ನೆಮ್ಮದಿ. ತೆರೆಯಲಿಲ್ಲವೇ, ಇನ್ನೂ ಒಳ್ಳೆಯದು. ಗೊತ್ತಿರುವವರು ಇನ್ನೂ ನಿಮ್ಮ ನಡುವೆ ಇದ್ದಾರೆ, ಅವರನ್ನು ಕೇಳಿ ಸರಿಮಾಡಬಹುದು. ಹೊಸ ಹಾಳೆ ಬರೆದು ಮತ್ತೆ ಅಂಟಿಸಿ. ಸಮಿತಿ ಬದಲಾದ ದಿನ ಪಾಸ್‌ವರ್ಡನ್ನೂ ಬದಲಿಸಿ. ಹಳಬರ ಮೇಲೆ ಅಪನಂಬಿಕೆಯಿಂದಲ್ಲ. ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ ಅವರ ಕಡೆ ಯಾರೂ ಬೆರಳು ತೋರಿಸಬಾರದು, ಅದಕ್ಕಾಗಿ.

ಕೊನೆಗೆ, ಇಷ್ಟು ವರ್ಷ ಒಬ್ಬರೇ ಈ ಕೆಲಸ ಹೊತ್ತ ಕಾರ್ಯದರ್ಶಿಗಳ, ಖಜಾಂಚಿಗಳ ಪರವಾಗಿ ಒಂದು ಮಾತು. ಆಫೀಸು ಮುಗಿಸಿ, ಸ್ಲೋ ಲೋಕಲಿನಲ್ಲಿ ನಿಂತು ಬಂದು, ಊಟ ಬಿಟ್ಟು ಬಿಲ್ಲು ತೆಗೆದವರು ಅವರು. ಪಾಸ್‌ವರ್ಡ್ ಅವರ ತಲೆಯಲ್ಲೇ ಉಳಿದದ್ದು ಬಹಳ ಕಡೆ ದುರಾಸೆಯಿಂದಲ್ಲ. ಕೇಳುವವರು ಯಾರೂ ಇರಲಿಲ್ಲ, ಅಷ್ಟೇ. ಆದ್ದರಿಂದ ಇವತ್ತು ಸಂಜೆ ಅವರ ಮನೆಗೆ ಹೋಗಿ. ಜಗಳಕ್ಕೆ ಹೋಗಬೇಡಿ. ಒಂದು ಲಕೋಟೆ, ಒಂದು ಬಿಳಿ ಹಾಳೆ ತೆಗೆದುಕೊಂಡು ಹೋಗಿ. ಚಹಾ ಕುಡಿಯುತ್ತ ಕುಳಿತು ಬರೆಸಿಕೊಳ್ಳಿ.